ಕೊನೆಯ ಸಾಲಿನ ಹೆಸರುಗಳು

ಭದ್ರಾವತಿಯ ಕಾರ್ಖಾನೆ ಗೇಟಿನಿಂದ ಸ್ವಲ್ಪ ಆಚೆ, ಬೇವಿನ ಮರದ ಬುಡದಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಹರಡಿಕೊಂಡು ಕೂರುತ್ತಿದ್ದ ಉಚ್ಚಂಗಮ್ಮನಿಗೆ ಕೈಯಲ್ಲಿ ಕಾಗದ ಹಿಡಿದು ಬಂದವರನ್ನು ಕಂಡರೆ ಆಗುತ್ತಿರಲಿಲ್ಲ. ಜನಗಣತಿಯವರು ಬಂದ ದಿನ ಅವಳು ಹಿತ್ತಲ ಬಾಗಿಲಿನಿಂದ ಜಾರಿಕೊಂಡು, ಅವರು ಬೀದಿ ದಾಟುವವರೆಗೂ ನಲ್ಲಿಯ ಹತ್ತಿರ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತ ಕೂತಿದ್ದಳು. ರೇಷನ್ ಕಾರ್ಡಿಗೆ ಹೆಸರು ಸೇರಿಸುವ ವಿಷಯದಲ್ಲಿ ಅಳಿಯ ಭೂತಪ್ಪನ ಜೊತೆ ವಾರಗಟ್ಟಲೆ ಜಗಳವಾಗಿ, ಕೊನೆಗೆ ಸಕ್ಕರೆಯ ಆಸೆಗೆ ಒಪ್ಪಿಕೊಂಡಳು. ಕಾಗದಕ್ಕೆ ಸಿಕ್ಕಿದ ಹೆಸರು ಬಲೆಗೆ ಬಿದ್ದ ಮೀನಿನ ಹಾಗೆ, ಯಾವಾಗ ಯಾರು ಎಳೆಯುತ್ತಾರೋ ತಿಳಿಯದು ಎಂಬುದು ಅವಳ ಲೆಕ್ಕ. ಗಂಡ ಓಬಯ್ಯ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದು ತೀರಿಕೊಂಡಾಗಲೂ ಅವಳು ಯಾವ ಅರ್ಜಿಗೂ ಹೆಬ್ಬೆಟ್ಟು ಒತ್ತಲಿಲ್ಲ. ಒತ್ತಿದವಳು ಮಗಳು ಚಿನ್ನಮ್ಮ.

ಅಂಥವಳನ್ನು ಹುಡುಕಿಕೊಂಡು ೧೯೫೯ರ ಬೇಸಿಗೆಯಲ್ಲಿ ಒಬ್ಬರು ಬಂದರು. ಕಚ್ಚೆಪಂಚೆ, ಮುಚ್ಚುಕೋಟು, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಕೊಡೆ. ವಯಸ್ಸು ಐವತ್ತೈದು ದಾಟಿತ್ತು. ಮರದ ನೆರಳಿಗೆ ಬಂದು ನಿಂತು, ಜೇಬಿನಿಂದ ಒಂದು ಚೀಟಿ ತೆಗೆದು ನೋಡಿ, "ಉಚ್ಚಂಗಮ್ಮ ಅನ್ನೋರು ನೀವೇನಾ?" ಎಂದು ಕೇಳಿದರು.

ಚೀಟಿಗಿಂತ ಹೆಚ್ಚಾಗಿ ಅವಳಿಗೆ ಚುಚ್ಚಿದ್ದು ಆ 'ನೀವು'. ಅವಳು ಹುಟ್ಟಿ ಬೆಳೆದ ಶಿವಮೊಗ್ಗದ ಕೋಟೆ ಕಡೆಯ ಇಂಥ ದೊಡ್ಡ ಮನೆಯವರು ಅವಳ ಕೇರಿಯ ಹೆಂಗಸನ್ನು ನೀವು ಎಂದು ಕರೆದದ್ದನ್ನು ಅವಳು ಆಯುಸ್ಸಿನಲ್ಲಿ ಕೇಳಿರಲಿಲ್ಲ. ಹೀಗೆ ಮೆತ್ತಗೆ ಮಾತಾಡುವವರಿಗೆ ಏನೋ ಬೇಕಾಗಿರುತ್ತದೆ.

"ಆಕೆ ಸತ್ತು ಎಂಟು ವರ್ಷ ಆಯ್ತು," ಎಂದಳು. "ನಾನು ಆಕೆ ತಂಗಿ."

ಬಂದವರ ಮುಖ ಬಾಡಿತು. ನಿಮ್ಮ ಅಕ್ಕ ಪ್ಲೇಗಿನ ವರ್ಷದ ಸುದ್ದಿ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಒಂದು ಕಟ್ಟು ಎಲೆ ಕೊಂಡರು. ಆದರೆ ಹಲ್ಲು ನೋಡಿದರೆ ಎಲೆ ಹಾಕುವ ಹಲ್ಲಲ್ಲ. ಅದನ್ನೂ ಅವಳು ಗಮನಿಸಿದಳು. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಒಬ್ಬ ಆಳು ದೂರದಿಂದಲೇ, "ಉಚ್ಚಂಗಮ್ಮ, ಹೊಗೆಸೊಪ್ಪು ತೆಗೆದಿಡು," ಎಂದು ಕೂಗಿದ. ಬಂದವರು ಅದು ಕೇಳಿಸಲೇ ಇಲ್ಲವೆಂಬಂತೆ ಕೊಡೆ ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರು ಹಿಡಿದು ನಿಲ್ಲಿಸಿ, ಯಾಕಮ್ಮ ಸುಳ್ಳು ಹೇಳಿದೆ ಎಂದು ಬೈದಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಸುಳ್ಳು ಗೊತ್ತಾದ ಮೇಲೂ ಸುಮ್ಮನೆ ಹೋಗುವವನು ಮತ್ತೆ ಬರುತ್ತಾನೆ.

ಸಂಜೆ ಮನೆಯಲ್ಲಿ ಇದೇ ಮಾತು. ಕಾರ್ಖಾನೆಯಲ್ಲಿ ಯೂನಿಯನ್ ಎಂದು ಓಡಾಡುತ್ತಿದ್ದ ಭೂತಪ್ಪ, ಆ ಮನುಷ್ಯ ಸಿ.ಐ.ಡಿ. ಇರಬೇಕು, ಅತ್ತೆಯ ಹತ್ತಿರ ಯಾರ್ಯಾರು ಕೂತು ಮಾತಾಡುತ್ತಾರೆ ಎಂದು ಪತ್ತೆ ಮಾಡಲು ಬಂದಿದ್ದಾನೆ ಎಂದ. ಕ್ವಾರ್ಟರ್ಸಿನಲ್ಲಿ ಹೆಚ್ಚಿನ ಜನ ಇದ್ದಾರೆಂದು ಪಕ್ಕದ ಮನೆಯವರೇ ಚಾಡಿ ಹೇಳಿರಬೇಕು ಎಂದು ಚಿನ್ನಮ್ಮ ಗೋಡೆಯ ಕಡೆ ನೋಡುತ್ತ ದನಿ ತಗ್ಗಿಸಿದಳು. ಉಚ್ಚಂಗಮ್ಮ ಎರಡಕ್ಕೂ ಹೂಂಗುಟ್ಟಲಿಲ್ಲ. ಬಂದವರ ಗಲ್ಲದ ನಡುವಿನ ಕುಳಿಯನ್ನು ಅವಳು ನೋಡಿದ್ದಳು. ಅದೇ ಗಲ್ಲ ನಲವತ್ತೆರಡು ವರ್ಷದ ಹಿಂದೆ ಅವಳ ಅವ್ವನ ಗುಡಿಸಲಿನ ಎದುರಿಗೆ, ಹುಣಸೆಮರದ ಕೆಳಗೆ ನಿಂತಿತ್ತು. ಇವರು ಕಾಳಿನ ವ್ಯಾಪಾರಿ ಷಣ್ಮುಖಪ್ಪನವರ ಮಗನೇ ಸರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವಳದೂ ಹಾಗೇ ಆಯಿತು. ಮಾಡಿದ ತಪ್ಪು ಇಷ್ಟು ವರ್ಷಕ್ಕೆ ಮನೆ ಹುಡುಕಿಕೊಂಡು ಬಂತೇ ಎಂದು ಅಂದುಕೊಂಡಳು.

ಆಗ ಉಚ್ಚಂಗಿಗೆ ಹದಿನೆಂಟು ವರ್ಷ. ಶಿವಮೊಗ್ಗದಲ್ಲಿ ಇಲಿ ಬೀಳಲು ಶುರುವಾಗಿ, ಇದ್ದವರು ಇಲ್ಲದವರು ಎನ್ನದೆ ಊರು ಬಿಡತೊಡಗಿದರು. ಆಲ್ಕೊಳದ ಆಚೆಯ ಬಯಲಿನಲ್ಲಿ ತಟ್ಟಿ ಕಟ್ಟಿ, ಸೋಗೆ ಹೊದಿಸಿ, ಸಾಲು ಸಾಲು ಶೆಡ್ಡು ಎದ್ದವು. ಜ್ವರ ಬಂದ ಮನೆಯೆಂದು ತಿಳಿದರೆ ಸರ್ಕಾರದ ಆಳುಗಳು ಬಂದು ಹೆಂಚು ಇಳಿಸಿ, ಬಿಸಿಲು ಬೀಳುವಂತೆ ಮಾಡಿ, ಸುಣ್ಣ ಬಳಿದು, ಮನೆಯವರನ್ನು ಬಯಲಿಗೆ ಸಾಗಿಸುತ್ತಿದ್ದರು. ಹೆಂಚು ಇಳಿದ ಮೇಲೆ ಮನೆಯೊಳಗಿನ ಸಾಮಾನು ಯಾರದೋ ಪಾಲು. ಅದಕ್ಕೆ ಜನ ಕಾಯಿಲೆಯನ್ನೇ ಬಚ್ಚಿಡುತ್ತಿದ್ದರು. ಜ್ವರದ ಮುದುಕನಿಗೆ ರುಮಾಲು ಸುತ್ತಿ, ಬಾಯಿಗೆ ಎಲೆ ಅಡಿಕೆ ತುರುಕಿ, ಗೋಡೆಗೆ ಒರಗಿಸಿ ಕೂರಿಸಿ, ನೋಡಿ ಸ್ವಾಮಿ, ಗಟ್ಟಿಮುಟ್ಟಾಗಿದ್ದಾರೆ ಎಂದು ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ನೀರು ಸೇದುತ್ತಿದ್ದ ಉಚ್ಚಂಗಿಯನ್ನು ಪುಸ್ತಕ ಹಿಡಿದ ಒಬ್ಬ ಇನ್‌ಸ್ಪೆಕ್ಟರು ಮಾತಾಡಿಸಿದರು. ಬಹಳ ಮೆತ್ತಗಿನ ದನಿ. ಯಾರ ಮನೆಯಲ್ಲಿ ಜ್ವರ ಇದೆ ಎಂದು ಹೇಳಿದರೆ ಔಷಧಿ ಕಳಿಸುತ್ತೇವೆ ಎಂದರು. ಅವಳ ಗೆಳತಿ ದ್ಯಾಮಮ್ಮ ಎಂಟು ತಿಂಗಳ ಬಸುರಿ. ಗಂಡನಿಗೆ ಎರಡು ದಿನದಿಂದ ಜ್ವರ. ಔಷಧಿ ಸಿಗಲಿ ಎಂದು ಉಚ್ಚಂಗಿ ಆ ಮನೆಯ ಹೆಸರು ಹೇಳಿದಳು. ಇನ್‌ಸ್ಪೆಕ್ಟರು ಬರೆದುಕೊಂಡರು. ಮಾರನೆಯ ದಿನ ಔಷಧಿ ಬರಲಿಲ್ಲ. ಹೆಂಚು ಇಳಿಸುವವರು ಬಂದರು. ದ್ಯಾಮಮ್ಮ, ಅವಳ ಗಂಡ, ಅತ್ತೆ ಹುಚ್ಚಮ್ಮ ಮೂವರನ್ನೂ ಗಾಡಿಗೆ ಹತ್ತಿಸಿ ಬಯಲಿನ ಕೊನೆಯ ಸಾಲಿಗೆ ಸಾಗಿಸಿದರು. ಆ ಕೇರಿಯವರಿಗೆಲ್ಲ ಅದೇ ಸಾಲು. ಅಂದಿನಿಂದ ಕೇರಿಯಲ್ಲಿ ಉಚ್ಚಂಗಿಗೆ 'ಹೆಸರು ಕೊಟ್ಟವಳು' ಎಂಬ ಹೆಸರೇ ನಿಂತಿತು. ಅವಳು ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು.

ಬಯಲಿನಲ್ಲಿ ಗಂಜಿ ಕಾಯಿಸಿ ಹಂಚುವ ಕೆಲಸವನ್ನು ಷಣ್ಮುಖಪ್ಪನವರು ಹೊತ್ತಿದ್ದರು. ಕೊನೆಯ ಸಾಲಿಗೆ ಗಂಜಿ ಒಯ್ಯಲು ಯಾರೂ ಒಪ್ಪದಾಗ ಉಚ್ಚಂಗಿ ತಾನಾಗಿ ಹೋಗಿ ನಿಂತಳು. ಹದಿನೇಳು ದಿನ ತಲೆಯ ಮೇಲೆ ಮಡಕೆ ಹೊತ್ತಳು. ಸಾಲಿನ ತುದಿಯ ಕಲ್ಲಿನ ಮೇಲೆ ಮಡಕೆ ಇಟ್ಟು ಕೂಗಿದರೆ, ಏಳಲು ಆದವರು ಬಂದು ಉಳಿದವರಿಗೂ ತೆಗೆದುಕೊಂಡು ಹೋಗುತ್ತಿದ್ದರು. ಹದಿನೇಳನೆಯ ದಿನ ಹುಚ್ಚಮ್ಮ ಬಂದವಳು ಗಂಜಿ ತೆಗೆದುಕೊಳ್ಳುವ ಬದಲು ಇವಳ ಮಣಿಕಟ್ಟು ಹಿಡಿದುಕೊಂಡಳು. ಕೆಂಡದಂಥ ಕೈ, ಕುತ್ತಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಬಿಡಿಸಿಕೊಂಡರೂ ಬಿಡಲಿಲ್ಲ. ಕೊನೆಗೆ ತಳ್ಳಿ ಓಡಿಬಂದ ಉಚ್ಚಂಗಿ ಹದಿನೆಂಟನೆಯ ದಿನ ಹೋಗಲಿಲ್ಲ. ಹತ್ತೊಂಬತ್ತನೆಯ ದಿನವೂ ಹೋಗಲಿಲ್ಲ.

ಇಪ್ಪತ್ತನೆಯ ದಿನ ಷಣ್ಮುಖಪ್ಪನವರು ಬಂದರು. ಗುಡಿಸಲಿಗೆ ಹತ್ತಿರ ಬಾರದೆ ಹುಣಸೆಮರದ ಕೆಳಗೆ ನಿಂತು ಕೂಗಿದರು. ಉಚ್ಚಂಗಿ ಕಾಳು ತುಂಬುವ ವಾಡೆಯ ಹಿಂದೆ ಅಡಗಿದಳು. ಅವಳಿಗೆ ಮೈ ಸರಿಯಿಲ್ಲ ಬುದ್ಧಿ, ಎಂದು ಅವ್ವ ಹೊಸಿಲಲ್ಲಿ ನಿಂತು ಸುಳ್ಳು ಹೇಳಿದಳು. ಅವರು ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ಮೈ ಸರಿಯಿಲ್ಲವೆಂದರೆ ಗುಡಿಸಲನ್ನು ಕಿತ್ತು ಸುಡಬೇಕು. ಆ ಕಾಲದ ನಿಯಮ ಹಾಗಿತ್ತು. ತಾಯಿ ಮಗಳು ಆ ದಿನವೆಲ್ಲ ಬೀದಿಯ ಕಡೆ ಕಿವಿಕೊಟ್ಟು ಕೂತಿದ್ದರು. ಯಾರೂ ಬರಲಿಲ್ಲ. ಸುಳ್ಳೆಂದು ಅವರಿಗೆ ತಿಳಿದಿತ್ತು, ಅದಕ್ಕೇ ಯಾರನ್ನೂ ಕಳಿಸಲಿಲ್ಲ, ಆದರೆ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ ಎಂದು ಉಚ್ಚಂಗಿ ಅಂದೇ ತೀರ್ಮಾನಿಸಿದಳು. ಷಣ್ಮುಖಪ್ಪನವರು ದಿನವೂ ಪುಸ್ತಕ ಬರೆಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಓಬಯ್ಯನನ್ನು ಮದುವೆಯಾಗಿ, ಹೊಸದಾಗಿ ಕಾರ್ಖಾನೆ ಎದ್ದ ಭದ್ರಾವತಿಗೆ ಬಂದ ಮೇಲೆ ಅವಳು ಶಿವಮೊಗ್ಗದ ದಾರಿ ತುಳಿಯಲಿಲ್ಲ. ನಡುವೆ ಇದ್ದದ್ದು ಹನ್ನೆರಡು ಮೈಲಿ ಅಷ್ಟೇ.

ಎಣಿಸಿದ ಹಾಗೆ ಆ ಮನುಷ್ಯ ಮುಂದಿನ ಭಾನುವಾರ ನೇರ ಮನೆಗೇ ಬಂದರು. ತಮ್ಮ ಹೆಸರು ಕೊಟ್ರಬಸಪ್ಪ, ಮೇಷ್ಟ್ರ ಕೆಲಸದಿಂದ ನಿವೃತ್ತಿಯಾಗಿದೆ ಎಂದರು. ಭೂತಪ್ಪ ಅವರಿಗೆ ಸ್ಟೂಲು ಕೊಟ್ಟು, ತಾನು ಬಾಗಿಲಿಗೆ ಅಡ್ಡ ನಿಂತು ಒಂದೊಂದೇ ಪ್ರಶ್ನೆ ಹಾಕಿದ. ಯಾರು ಕಳಿಸಿದರು? ಯಾರೂ ಇಲ್ಲ. ಮತ್ತೆ ಯಾಕೆ ಬಂದಿರಿ? ಪ್ಲೇಗಿನ ವರ್ಷ ಊರಿನಲ್ಲಿ ಏನೇನಾಯಿತು ಎಂದು ಒಂದು ಸಣ್ಣ ಪುಸ್ತಕ ಬರೆಯಬೇಕೆಂದಿದ್ದೇನೆ. ಆಗ ನಿಮಗೆ ನೆನಪಿಲ್ಲವೇ? ನನಗೆ ಹದಿನಾಲ್ಕು, ಅಜ್ಜಿಯ ಊರಿಗೆ ಕಳಿಸಿದ್ದರು. ತಂದೆ ತೀರಿಕೊಂಡ ಮೇಲೆ ಅಟ್ಟದಲ್ಲಿ ಅವರು ಬರೆದಿಟ್ಟ ಪುಸ್ತಕ ಸಿಕ್ಕಿತು ಎಂದರು ಮೇಷ್ಟ್ರು. ಒಳಗೆ ಕೂತಿದ್ದ ಉಚ್ಚಂಗಮ್ಮ ಬಾಗಿಲ ಹತ್ತಿರಕ್ಕೆ ಸರಿದು ಕಿವಿಗೊಟ್ಟಳು.

"ಮೊದಲ ಸಾಲಿಂದ ಆರನೇ ಸಾಲಿನವರೆಗೂ ಸತ್ತೋರ ಹೆಸರಿದೆ," ಎಂದರು ಕೊಟ್ರಬಸಪ್ಪ. "ಗಂಜಿಗೆ ಉಪ್ಪು ಕೊಟ್ಟೋರ ಹೆಸರೂ ಇದೆ. ಕೊನೆ ಸಾಲಿಗೆ ಮಾತ್ರ 'ಹನ್ನೊಂದು ಜನ' ಅಂತ ಬರೆದಿದಾರೆ. ಆ ಹನ್ನೊಂದು ಜನ ಯಾರು ಅಂತ ಕೇಳೋಣ ಅಂತ ಬಂದೆ."

ಕೊನೆಯ ಸಾಲಿನವರ ಹೆಸರು ಕೋಟೆ ಬೀದಿಯವರಿಗೆ ಇಷ್ಟು ವರ್ಷದ ಮೇಲೆ ಯಾತಕ್ಕೆ ಎಂದು ಭೂತಪ್ಪ ಕೇಳಿದ. ಮೇಷ್ಟ್ರು ಉತ್ತರಕ್ಕೆ ತಡವರಿಸಿದರು. ಆ ತಡವರಿಕೆಯನ್ನು ಒಳಗಿನಿಂದ ಹಿಡಿದ ಉಚ್ಚಂಗಮ್ಮ, ಇದರಲ್ಲಿ ಬೇರೆ ಏನೋ ಇದೆ ಎಂದು ಖಚಿತ ಮಾಡಿಕೊಂಡು ಹೊರಗೆ ಬಂದಳು. ತಂಗಿ ಎಂದು ಹೇಳಿದ ಸುಳ್ಳನ್ನು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಪುಸ್ತಕ ತಂದು ತೋರಿಸಿ, ಆಮೇಲೆ ಮಾತು ಎಂದಳು. ಬರುವ ಭಾನುವಾರ ತಂದು ಓದಿ ಹೇಳುತ್ತೇನೆ ಎಂದರು ಅವರು. ನೀವು ಓದುವುದು ಬೇಡ, ನಾವು ನಂಬುವವರ ಹತ್ತಿರ ಓದಿಸುತ್ತೇವೆ, ಆಗ ನೀವು ಇಲ್ಲಿ ಇರಲೂ ಕೂಡದು ಎಂದಳು. ಕೊಟ್ರಬಸಪ್ಪನವರ ಕಣ್ಣಲ್ಲಿ ಮೊದಲ ಸಲ ಅನುಮಾನ ಸುಳಿಯಿತು. ಇರುವುದು ಒಂದೇ ಪ್ರತಿ. ಇವರು ಒಲೆಗೆ ಹಾಕಿದರೆ? ಆದರೂ ಒಪ್ಪಿದರು.

ಮುಂದಿನ ವಾರ ಪುಸ್ತಕ ಬಂತು. ಕೆಂಪು ಬಟ್ಟೆಯ ರಟ್ಟು, ಅಂಚು ಗೆದ್ದಲು ತಿಂದಿತ್ತು. ಓದಲು ಕರೆಸಿದ್ದು ಕಾಲೋನಿ ಶಾಲೆಯ ವೇದಾ ಟೀಚರನ್ನು. ಮೇಷ್ಟ್ರು ಹೊರಗೆ ಮೋರಿಯ ಕಟ್ಟೆಯ ಮೇಲೆ ಕೂತರು, ಭೂತಪ್ಪ ಅವರನ್ನು ಕಾಯುತ್ತ ನಿಂತ. ನಿಮಿಷಕ್ಕೊಮ್ಮೆ ಅವರು ಕತ್ತು ಚಾಚಿ, ಮನೆಯ ಮಾಡಿನಿಂದ ಹೊಗೆ ಏಳುತ್ತಿದೆಯೇ ಎಂದು ನೋಡುತ್ತಿದ್ದರಂತೆ. ಭೂತಪ್ಪ ಆಮೇಲೆ ಎಷ್ಟೋ ದಿನ ಇದನ್ನು ಹೇಳಿ ನಗುತ್ತಿದ್ದ.

ಒಳಗೆ ವೇದಾ ಟೀಚರು ಬೆರಳಿಟ್ಟು ಓದುತ್ತ ಹೋದರು. ಗಂಜಿಯ ದಿನಗಳು, ಸಾಲುಗಳು, ಸತ್ತವರ ಹೆಸರುಗಳು. ಹದಿನೆಂಟನೆಯ ದಿನಕ್ಕೆ ಬಂದಾಗ ಉಚ್ಚಂಗಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. 'ಕೊನೆಯ ಸಾಲಿಗೆ ಗಂಜಿ ಹೋಗಲಿಲ್ಲ.' ಹತ್ತೊಂಬತ್ತು: 'ಕೊನೆಯ ಸಾಲಿಗೆ ಗಂಜಿ ಹೋಗಲಿಲ್ಲ.' ಇಪ್ಪತ್ತು: 'ಉಚ್ಚಂಗಿಗೆ ಮೈ ಸರಿಯಿಲ್ಲ. ಗಂಜಿ ಹೋಗಲಿಲ್ಲ.' ಇಪ್ಪತ್ತೊಂದು: 'ಹೋಗಲಿಲ್ಲ.' ಇಪ್ಪತ್ತೆರಡು: 'ಉಚ್ಚಂಗಿ ಬಂದಳು.'

ಅವಳು ಮತ್ತೊಮ್ಮೆ ಓದಿಸಿದಳು. ಹಿಂದೆ ಮುಂದೆ ಎಲ್ಲಾದರೂ ಸುಳ್ಳುಗಾರ್ತಿ ಅಂತ ಇದೆಯೇ, ಇವಳಿಂದ ಸತ್ತರು ಅಂತ ಇದೆಯೇ ಎಂದು ಕೇಳಿದಳು. ಟೀಚರು ಹಾಳೆ ಹಾಳೆ ತಿರುವಿ, ಇಲ್ಲ ಉಚ್ಚಂಗಮ್ಮ, ನಿಮ್ಮ ಹೆಸರು ಬರೋದು ಈ ಎರಡೇ ಕಡೆ ಎಂದರು. ಉಚ್ಚಂಗಮ್ಮನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಬರೆದದ್ದೇ ಸುಳ್ಳಾಗಿತ್ತು, ಅದೂ ಅವಳ ಅವ್ವ ಹೇಳಿದ ಸುಳ್ಳು. ಮೇಷ್ಟ್ರು ಇದನ್ನು ಓದಿ, ಪಾಪ, ಕಾಯಿಲೆ ಬಿದ್ದು ಎದ್ದ ಹುಡುಗಿ ಮತ್ತೆ ಮಡಕೆ ಹೊತ್ತಳು ಎಂದುಕೊಂಡಿದ್ದಾರೆ. ಆ 'ನೀವು' ಅದಕ್ಕೇ ಬಂದದ್ದು ಎಂದು ಅವಳಿಗೆ ಆಗ ತಿಳಿಯಿತು.

ಅವರನ್ನು ಒಳಗೆ ಕರೆಸಿದಳು. ಮೊದಲು ನೀವು ಹೇಳಿ, ಹೆಸರು ನಿಮಗೆ ನಿಜವಾಗಿ ಯಾಕೆ ಬೇಕು ಎಂದಳು. ಕೊಟ್ರಬಸಪ್ಪನವರು ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡು, ಅದರ ಅಂಚು ಸವರುತ್ತ ಹೇಳಿದರು. ಅವರ ತಂದೆ ಸಾಯುವವರೆಗೂ ಆ ವರ್ಷದ ಮಾತು ಎತ್ತಿದರೆ ಊಟದ ನಡುವೆ ಎದ್ದುಹೋಗುತ್ತಿದ್ದರು. ಈ ನಾಲ್ಕು ದಿನದ ಸಾಲುಗಳನ್ನು ಓದಿದ ಮೇಲೆ ಇವರಿಗೆ ನಿದ್ದೆಯಿಲ್ಲ. ಬೀದಿಯವರ ಮಾತಿಗೆ ಕಟ್ಟುಬಿದ್ದು ತಂದೆಯೇ ಕೊನೆಯ ಸಾಲಿಗೆ ಗಂಜಿ ನಿಲ್ಲಿಸಿದರೇ, ಆಮೇಲೆ ನೆಪಕ್ಕೆ ಉಚ್ಚಂಗಿಯ ಕಾಯಿಲೆ ಬರೆದರೇ ಎಂಬ ಸಂಶಯ. ಅದನ್ನು ಕೇಳಲು ಭೂಮಿಯ ಮೇಲೆ ಉಳಿದಿರುವವಳು ಇವಳೊಬ್ಬಳೇ.

ಉಚ್ಚಂಗಮ್ಮ ಅವರ ಮಡಿಲಲ್ಲಿದ್ದ ಪುಸ್ತಕದ ಕಡೆ ನೋಡಿದಳು. ಹೌದು, ನಿಮ್ಮ ಅಪ್ಪನೇ ನಿಲ್ಲಿಸಿದರು ಎಂದುಬಿಟ್ಟರೆ ಕೇಳುವವರಿಲ್ಲ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತೆಂದು ಅವಳೇ ಮುಂದೆ ಮಗಳ ಹತ್ತಿರ ಒಪ್ಪಿಕೊಂಡಳು.

"ನಂಗೆ ಮೈ ಸರಿಯಾಗೇ ಇತ್ತು ಮೇಷ್ಟ್ರೇ," ಎಂದಳು. "ಹೆದರಿದ್ದೆ. ಹುಚ್ಚಮ್ಮ ಕೈ ಹಿಡಿದಳು, ನಾನೂ ಸಾಯ್ತೀನಿ ಅಂತ ಹೆದರಿದ್ದೆ. ನಾಲ್ಕು ದಿನ ವಾಡೆ ಹಿಂದೆ ಕೂತಿದ್ದೆ."

ಚಿನ್ನಮ್ಮ ಒಲೆಯ ಹತ್ತಿರ ಕೈ ನಿಲ್ಲಿಸಿದಳು. ಅವಳಿಗೂ ಇದು ಹೊಸದು.

"ಹಾಗಾದ್ರೆ ಅಪ್ಪಯ್ಯಂದು ಏನೂ ತಪ್ಪಿಲ್ಲ," ಎಂದರು ಕೊಟ್ರಬಸಪ್ಪ. ಅದು ಪ್ರಶ್ನೆಯೋ ಸಮಾಧಾನವೋ ತಿಳಿಯುವಂತಿರಲಿಲ್ಲ.

"ಅವ್ರಿಗೂ ಕಾಲಿದ್ವಲ್ಲ," ಎಂದಳು ಉಚ್ಚಂಗಮ್ಮ. "ಗಂಜಿ ಕಾಯಿಸೋ ಒಲೆಯಿಂದ ಆ ಕಲ್ಲಿಗೆ ಒಂದು ಕೂಗಳತೆ. ನಾನು ಹೋಗ್ಲಿಲ್ಲ, ಅವ್ರೂ ಹೋಗ್ಲಿಲ್ಲ."

ಇಪ್ಪತ್ತೆರಡನೆಯ ದಿನ ತಾನು ಯಾಕೆ ಹೋದೆನೆಂದು ಇವತ್ತಿಗೂ ಗೊತ್ತಿಲ್ಲವೆಂದು ಹೇಳಿದಳು. ಹೋದಾಗ ಕಲ್ಲಿನ ಹತ್ತಿರ ಯಾರೂ ಬರಲಿಲ್ಲ. ಮೊದಲ ಸಲ ಸಾಲಿನ ಒಳಗೆ ಕಾಲಿಟ್ಟಳು. ಹುಚ್ಚಮ್ಮ ಹೋಗಿದ್ದಳು, ದ್ಯಾಮಮ್ಮನ ಗಂಡ ಹೋಗಿದ್ದ. ದ್ಯಾಮಮ್ಮನಿಗೆ ಶೆಡ್ಡಿನಲ್ಲೇ ಹೆರಿಗೆಯಾಗಿ, ಕೂಸು ಪಕ್ಕದಲ್ಲಿ ತಣ್ಣಗಾಗಿತ್ತು. ದ್ಯಾಮಮ್ಮ ಕಣ್ಣು ಬಿಟ್ಟು, ಬಂದ್ಯಾ, ಅಂದಳಂತೆ. ಎರಡು ಗುಟುಕು ಗಂಜಿ ಕುಡಿದಳು. ಮಾರನೆಯ ಬೆಳಿಗ್ಗೆ ಅವಳೂ ಇಲ್ಲ. ಹೆಸರು ಕೊಟ್ಟವಳು ಎಂದಾಗಲಿ, ನಾಲ್ಕು ದಿನ ಎಲ್ಲಿದ್ದೆ ಎಂದಾಗಲಿ ಅವಳು ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಉಚ್ಚಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಗುಂಡಿ ತೋಡಿದ ಇಬ್ಬರ ಜೊತೆ ನಿಂತು ಎಲ್ಲರನ್ನೂ ಮಣ್ಣಿಗಿಟ್ಟವಳು ಅವಳೇ. ಅದಕ್ಕೇ ಒಬ್ಬೊಬ್ಬರ ಹೆಸರೂ ಗೊತ್ತು.

ಹೆಸರುಗಳನ್ನು ಅವಳು ಅಂದು ಹೇಳಲಿಲ್ಲ. ಆ ಜಾಗದಲ್ಲೇ ಹೇಳುತ್ತೇನೆ, ಇಲ್ಲಿ ಹೇಳಿದರೆ ನೀವು ಏನು ಬರೆದಿರೋ ಯಾರು ಕಂಡರು ಎಂದಳು. ಎರಡು ದಿನದ ಮೇಲೆ ಅಳಿಯನನ್ನೂ ವೇದಾ ಟೀಚರನ್ನೂ ಕಟ್ಟಿಕೊಂಡು ಬೆಳಗಿನ ರೈಲು ಹತ್ತಿದಳು. ಶಿವಮೊಗ್ಗದ ಸ್ಟೇಷನ್ನಿನಲ್ಲಿ ಇಳಿದಾಗ ಯಾರಾದರೂ ಗುರುತು ಹಿಡಿದಾರು ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ.

ಆಲ್ಕೊಳದ ಆಚೆ ಬಯಲೂ ಗುರುತು ಸಿಗುವಂತಿರಲಿಲ್ಲ. ಅರ್ಧ ಉತ್ತ ಹೊಲ, ಇನ್ನರ್ಧಕ್ಕೆ ಸೈಟಿನ ಕಲ್ಲು ನೆಟ್ಟಿದ್ದರು. ಮೇಷ್ಟ್ರು ಬೇಕೆಂದೇ ಬೇರೆ ಕಡೆ ಕರೆತಂದಿದ್ದಾರೆ ಎಂದು ಅವಳು ಭೂತಪ್ಪನ ಕಿವಿಯಲ್ಲಿ ಅಂದಳು. ಹೊಲದವನನ್ನು ಕೇಳಿ, ಹಳ್ಳದ ತಿರುವು ನೋಡಿ, ಹಿಂದಕ್ಕೂ ಮುಂದಕ್ಕೂ ನಡೆದು, ಕೊನೆಗೆ ಒಂದು ಕಡೆ ನಿಂತಳು. ಇಲ್ಲೇ ಇರಬೇಕು ಎಂದಳೇ ಹೊರತು ಇಲ್ಲೇ ಎನ್ನಲಿಲ್ಲ.

ನಿಂತುಕೊಂಡೇ ಹೇಳಿದಳು. ಹುಚ್ಚಮ್ಮ. ಅವಳ ಮಗ ಕೆಂಚ. ದ್ಯಾಮಮ್ಮ. ಚಪ್ಪಲಿ ಹೊಲಿಯುತ್ತಿದ್ದ ದುರುಗಪ್ಪ, ಅವನ ಹೆಂಡತಿ ಹನುಮಿ, ಅವರ ಇಬ್ಬರು ಹೆಣ್ಣುಮಕ್ಕಳು. ತಮಟೆ ಬಾರಿಸುವ ಮೈಲಾರಿ, ಆಮೇಲೆ ಇನ್ನೂ ಮೂವರು. ಒಂದೊಂದು ಹೆಸರಾದ ಮೇಲೂ ಮೇಷ್ಟ್ರು ಬರೆಯುವವರೆಗೆ ಕಾದು, ವೇದಾ ಟೀಚರಿಂದ ಓದಿಸಿ, ಸರಿ ಎಂದ ಮೇಲೆ ಮುಂದಿನದು. ಹನ್ನೊಂದು ಮುಗಿಯಿತು. ಕೊಟ್ರಬಸಪ್ಪನವರು ಪೆನ್ನಿನ ಮುಚ್ಚಳ ಹಾಕಲು ಹೋದಾಗ ಅವಳು, ಇನ್ನೊಂದಿದೆ, ದ್ಯಾಮಮ್ಮನ ಕೂಸು, ಹೆಸರಿಟ್ಟಿರಲಿಲ್ಲ, ಗಂಡು, ಅದನ್ನೂ ಬರೀರಿ ಎಂದಳು. ಆಮೇಲೆ ನಾಲ್ಕು ದಿನದ ಸಂಗತಿಯನ್ನೂ ಬರೆಸಿದಳು, ತನ್ನದನ್ನೂ, ಷಣ್ಮುಖಪ್ಪನವರದನ್ನೂ. ತಂದೆಯ ಹೆಸರು ಬರೆಯುವಾಗ ಅವರ ಕೈ ನಿಂತಿತು. ಅವಳು ಅವರ ಮುಖ ನೋಡಲಿಲ್ಲ, ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು. ಕೊನೆಗೆ ಅದು ಚಲಿಸಿತು.

ಪುಸ್ತಕ ಅಚ್ಚಾಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟು ದಿನವೂ ಉಚ್ಚಂಗಮ್ಮ, ಆ ಮನುಷ್ಯ ಅಪ್ಪನ ಸಾಲನ್ನು ತೆಗೆದುಹಾಕಿ ನನ್ನದನ್ನು ಮಾತ್ರ ಉಳಿಸುತ್ತಾನೆ ನೋಡು ಎಂದು ಮಗಳಿಗೆ ಹೇಳುತ್ತಲೇ ಇದ್ದಳು. ತೆಳ್ಳನೆಯ ಪುಸ್ತಕ ಅಂಚೆಯಲ್ಲಿ ಬಂದ ದಿನ ವ್ಯಾಪಾರಕ್ಕೆ ಹೋಗದೆ, ವೇದಾ ಟೀಚರು ಶಾಲೆಯಿಂದ ಬರುವುದನ್ನೇ ಕಾದಳು. ಎರಡೂ ಸಾಲು ಇದ್ದವು. ಹನ್ನೆರಡೂ ಇದ್ದವು. ಆದರೆ ಹನುಮಿ ಎಂಬುದು 'ಹನುಮಂತಿ' ಎಂದು ಅಚ್ಚಾಗಿತ್ತು.

ಮಾರನೆಯ ದಿನವೇ ಭೂತಪ್ಪನನ್ನು ಶಿವಮೊಗ್ಗಕ್ಕೆ ಅಟ್ಟಿದಳು. ಅಂಥ ಹೆಸರಿನವಳು ಆ ಸಾಲಿನಲ್ಲಿ ಇರಲೇ ಇಲ್ಲ ಎಂದು ಹೇಳಿಕಳಿಸಿದಳು. ಕೊಟ್ರಬಸಪ್ಪನವರು ವಾದ ಮಾಡಲಿಲ್ಲ. ಇದ್ದ ಇನ್ನೂರು ಪ್ರತಿಗಳಲ್ಲೂ ಕಪ್ಪು ಮಸಿಯಿಂದ ಹೊಡೆದು, ಮೇಲೆ ಹನುಮಿ ಎಂದು ತಮ್ಮ ಕೈಯಾರೆ ಬರೆದರು. ಹಾಗೆಂದು ಅವರೇ ಬಂದು ಹೇಳಿದಾಗ ಉಚ್ಚಂಗಮ್ಮ ತಲೆಯಾಡಿಸಿದಳು. ಅವರಿಗೆ ಮೊದಲ ಸಲ ಕಾಫಿ ಕೊಟ್ಟಳು. ಅವರು ಲೋಟ ಕೆಳಗಿಟ್ಟ ಮೇಲೆ, ಮುಂದಿನ ಸಲ ಬರುವಾಗ ಕಟ್ಟಿನ ನಡುವಿನಿಂದ ಮೂರು ಪ್ರತಿ ಎತ್ತಿಕೊಂಡು ಬನ್ನಿ, ಒಮ್ಮೆ ನೋಡುತ್ತೇನೆ ಎಂದಳು.